ಮನಿಯಾರ್ಡರ್ ನಿಂತ ವರ್ಷ

ನಮ್ಮ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕೆಲವು ಹಕ್ಕಿಗಳ ಕುತ್ತಿಗೆಯಲ್ಲಿ ನಂಬರಿನ ಪಟ್ಟಿ ಇರುತ್ತದೆ. ಕ್ಯಾಮೆರಾ ಹಿಡಿದು ಬಂದವರು ಅದನ್ನು ಓದಿ, ಈ ಹಕ್ಕಿ ಮಂಗೋಲಿಯಾದ್ದು ಎಂದು ಹೇಳಿಬಿಡುತ್ತಾರೆ. ಅದೇ ಕೆರೆ ಏರಿಯ ಮೇಲೆ ತಗಡಿನ ಟ್ರಂಕು ಹೊತ್ತು ನಡೆದುಹೋದ ನನ್ನ ತಾತ ಎಲ್ಲಿಗೆ ಹೋಗಿದ್ದರು, ಯಾರ ಜೊತೆ ಇದ್ದರು, ಎಷ್ಟು ವರ್ಷಕ್ಕೆ ಬಂದರು ಎಂಬುದು ಮಾತ್ರ ನಮ್ಮ ಮನೆಯಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ‘ತಾತ ಮಿಲ್ಟ್ರಿಲಿದ್ರು, ಸಿಂಗಾಪುರಕ್ಕೆ ಹೋಗಿದ್ರು’ ಎಂಬ ಒಂದು ಮಾತು, ಒಂದು ಟ್ರಂಕು, ದೇವರ ಗೂಡಿನಲ್ಲಿ ಒಂದು ನಕ್ಷತ್ರದ ಬಿಲ್ಲೆ, ಇಷ್ಟೇ ನಮ್ಮ ದಾಖಲೆ.

2010ರಲ್ಲಿ ಹುಡುಕಲು ಕೂತೆ. ತಾತನ ಕೆಲಸ ಒಂದು ಹದಕ್ಕೆ ಬಂದ ಮೇಲೆ, ನಂಜನಗೂಡು, ತಿರುಮಕೂಡಲು ನರಸೀಪುರದ ಸುತ್ತಿನ ಊರುಗಳಿಂದ ‘ಮೇಷ್ಟ್ರೇ, ನಮ್ಮಜ್ಜಂದೂ ಒಸಿ ನೋಡಿ’ ಎಂದು ಬರುವವರು ಹೆಚ್ಚಾದರು. ಅವರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇತಿಹಾಸ ಓದಿದವನಲ್ಲ, ಗಣಿತದ ಮೇಷ್ಟ್ರು. ಹುಡುಕುವವರಿಗೆ ಅಷ್ಟು ಸಾಕು, ತಾಳ್ಮೆ ಇದ್ದರೆ.

1. ಕಾಗದಕ್ಕಿಂತ ಮೊದಲು ಸೋದರತ್ತೆಯರು

ಎಲ್ಲರೂ ಮೊದಲು ಕಚೇರಿಗೆ ಓಡುತ್ತಾರೆ. ಕಚೇರಿ ಎಲ್ಲಿಗೂ ಹೋಗುವುದಿಲ್ಲ. ಎಂಬತ್ತು ದಾಟಿದ ಮನೆಯ ಹೆಂಗಸರು ಹೋಗಿಬಿಡುತ್ತಾರೆ. ಗಂಡಸರಿಗೆ ತಾತ ಹೇಳಿದ ಯುದ್ಧದ ಕಥೆ ನೆನಪಿರುತ್ತದೆ, ಮನೆಯಲ್ಲಿ ಉಳಿದ ಹೆಣ್ಣುಮಕ್ಕಳಿಗೆ ಅವರು ಇಲ್ಲದ ದಿನಗಳು ನೆನಪಿರುತ್ತವೆ. ಹುಡುಕುವವರಿಗೆ ಎರಡನೆಯದೇ ಹೆಚ್ಚು ಉಪಯೋಗ.

ನನ್ನ ದೊಡ್ಡ ಸೋದರತ್ತೆಗೆ ಆಗ ಎಪ್ಪತ್ತಾರು. ‘ಅತ್ತೆ, ತಾತ ಯಾವ ಯುದ್ಧಕ್ಕೆ ಹೋಗಿದ್ದು?’ ಎಂದು ಕೇಳಿದೆ. ‘ಅದೆಲ್ಲ ನಂಗೇನ್ ಗೊತ್ತಪ್ಪ’ ಎಂದರು. ಮಾತು ಅಲ್ಲಿಗೇ ನಿಂತಿತು. ಮತ್ತೊಂದು ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ‘ತಾತ ಇಲ್ಲದಾಗ ಮನೆ ಹೆಂಗೆ ನಡೀತಿತ್ತು?’ ಎಂದೆ. ಆಗ ಕಟ್ಟೆ ಒಡೆಯಿತು.

‘ಮನಿಯಾರ್ಡ್ರು ಬತ್ತಿತ್ತು ಕನಪ್ಪ. ಪೋಸ್ಟ್‌ನೋನು ಬಂದ್ರೆ ಅವ್ವ ಸೆರಗ್ ಸರಿ ಮಾಡ್ಕಂಡು ಎಬ್ಬೆಟ್ ಒತ್ತೋಳು. ಒಂದ್ ಸಂಕ್ರಾಂತಿ ಆದ್ಮೇಲೆ ನಿಂತೋಯ್ತು. ಶಿವರಾತ್ರಿ ಆಯ್ತು, ಉಗಾದಿ ಆಯ್ತು, ಬರ್ಲಿಲ್ಲ. ಮೂರ್ ದಸರಾ ಕಳೀತು, ಕಾಗ್ದ ಇಲ್ಲ. ಅವ್ವ ಕುಂಕುಮ ಅಳಿಸ್ಲಿಲ್ಲ. ನಾಕ್ನೇ ದಸರಾ ಆದ್ಮೇಲೆ ಒಂದಿನ ಸಾಯಂಕಾಲ ಅಪ್ಪಯ್ಯ ಬಂದ್ರು. ಎಮ್ಮೆ ಬೆದರ್ಕಂಡ್ ಓಡ್ತು.’

ಈ ಮಾತಿನಲ್ಲಿ ಇಸವಿ ಇಲ್ಲ, ಪಲ್ಟನ್ನಿನ ಹೆಸರಿಲ್ಲ. ಆದರೆ ಸಂಕ್ರಾಂತಿಯಾದ ಮೇಲೆ ಹಣ ನಿಂತದ್ದು, ನಾಲ್ಕನೆಯ ದಸರೆ ಕಳೆದ ಮೇಲೆ ಮನುಷ್ಯ ಬಂದದ್ದು, ಈ ಎರಡು ಗೂಟಗಳ ನಡುವೆ ಹಗ್ಗ ಎಳೆದರೆ ಅದು 1942ರ ಫೆಬ್ರವರಿಯಿಂದ 1945ರ ಕೊನೆಯವರೆಗೆ ಸರಿಯಾಗಿ ಕೂರುತ್ತದೆ. ಸಿಂಗಾಪುರ ಜಪಾನಿಯರ ಕೈಸೇರಿದ್ದು 1942ರ ಫೆಬ್ರವರಿ 15ರಂದು. ಜಪಾನ್ ಶರಣಾಗಿ ಸೆರೆಯಾಳುಗಳು ಬಿಡುಗಡೆಯಾದದ್ದು 1945ರ ಸೆಪ್ಟೆಂಬರಿನಲ್ಲಿ. ಹಡಗು ಹತ್ತಿ ಊರು ಸೇರುವ ಹೊತ್ತಿಗೆ ದಸರೆ ಮುಗಿದಿತ್ತು.

ಅತ್ತೆ ಇನ್ನೆರಡು ಮಾತು ಹೇಳಿದರು. ತಾತ ಮಕ್ಕಳಿಗೆ ಕುಂಟೆಬಿಲ್ಲೆ ಆಡುವಾಗ ‘ಇಚ್ಚಿ, ನೀ, ಸಾನು, ಸೀ, ಗೋ’ ಎಂದು ಎಣಿಸಲು ಕಲಿಸಿದ್ದರಂತೆ. ಮನೆಯಲ್ಲಿ ಮರಗೆಣಸು ಬೇಯಿಸಿದ ದಿನ ಎದ್ದು ತೋಟಕ್ಕೆ ಹೋಗುತ್ತಿದ್ದರಂತೆ. ಮೊದಲನೆಯದು ಜಪಾನಿ ಎಣಿಕೆ, ಒಂದರಿಂದ ಐದು, ಸಾಲಿನಲ್ಲಿ ನಿಲ್ಲಿಸಿ ತಲೆ ಎಣಿಸುವಾಗ ಕೂಗಿಸುತ್ತಿದ್ದದ್ದು. ಎರಡನೆಯದಕ್ಕೂ ಕಾರಣವಿದೆ. ಜಪಾನಿಯರ ಕೈಯಲ್ಲಿದ್ದ ಮಲಯಾದಲ್ಲಿ ಅಕ್ಕಿ ಮುಗಿದು ಜನ ಬದುಕಿದ್ದು ಮರಗೆಣಸಿನ ಮೇಲೆ. ಮೊಬೈಲಿನಲ್ಲಿ ಅತ್ತೆಯ ಮಾತನ್ನು ರೆಕಾರ್ಡ್ ಮಾಡಿಕೊಂಡೆ. ಮೂರು ವರ್ಷದ ಮೇಲೆ ಅವರು ತೀರಿಕೊಂಡರು.

2. ಇಸವಿ ಕೇಳಬೇಡಿ

ಇಸವಿ ಕೇಳಿದರೆ ಹಿರಿಯರು ಗಾಬರಿಯಾಗಿ ಏನೋ ಒಂದು ಹೇಳುತ್ತಾರೆ, ಆಮೇಲೆ ಆ ತಪ್ಪೇ ಮನೆಯ ಇತಿಹಾಸವಾಗುತ್ತದೆ. ಅವರ ಕ್ಯಾಲೆಂಡರಿನಲ್ಲಿ ಕೇಳಿ. ‘ದೊಡ್ಡ ಮಹಾರಾಜರು ತೀರಿಕೊಂಡಾಗ ತಾತ ಮನೆಯಲ್ಲಿದ್ದರಾ?’ ಎಂದರೆ ಥಟ್ಟನೆ ಉತ್ತರ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3. ಆ ದಿನ ನಮ್ಮ ಕಡೆ ಒಲೆ ಹಚ್ಚದ ಮನೆಗಳಿದ್ದವು ಎಂದು ಹೇಳುವವರನ್ನು ಕಂಡಿದ್ದೇನೆ. ಮೊದಲ ಯುದ್ಧದ ಕಾಲದವರಾದರೆ 1918ರ ಇನ್‌ಫ್ಲುಯೆಂಜಾ ಒಂದು ಗುರುತು, ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೊಂದು. ಹಳೆಯ ಜಾತಕವೋ ಲೆಕ್ಕದ ಪುಸ್ತಕವೋ ಸಿಕ್ಕರೆ ಸಂವತ್ಸರ ನೋಡಿ: 1940ರ ಯುಗಾದಿಯಿಂದ ವಿಕ್ರಮ, ಆಮೇಲೆ ವೃಷ, ಚಿತ್ರಭಾನು, ಸ್ವಭಾನು, ತಾರಣ, 1945ಕ್ಕೆ ಪಾರ್ಥಿವ. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಒಂದು ಮನೆಯವರು 2002ರ ಚಿತ್ರಭಾನುವನ್ನು 1942ರದ್ದೆಂದು ತಿಳಿದು ನನ್ನನ್ನೂ ಎರಡು ವಾರ ದಾರಿ ತಪ್ಪಿಸಿದ್ದರು.

3. ಹುಣಸೆಹಣ್ಣು ದೂರವಿರಲಿ

ನಮ್ಮ ಮನೆಯ ಬಿಲ್ಲೆಯನ್ನು ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಕುಡುಗೋಲು, ಮಚ್ಚಿನ ಜೊತೆ ಇಟ್ಟು ಪೂಜೆ ಮಾಡುತ್ತಿದ್ದರು. ಭಕ್ತಿಯಿಂದ ಮಾಡಿದ ಕೆಲಸ. ಅರುವತ್ತು ವರ್ಷದ ಉಜ್ಜಾಟಕ್ಕೆ ಅದರ ಹಿಂಬದಿಯ ಅಕ್ಷರಗಳು ಸವೆದುಹೋಗಿದ್ದವು.

ಪದಕ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ. ದುಂಡನೆಯದಾದರೆ ಅಂಚನ್ನು ನೋಡಿ, ನಕ್ಷತ್ರವಾದರೆ ಹಿಂಬದಿ. ಮೊದಲ ಯುದ್ಧದ ದುಂಡು ಪದಕಗಳ ಅಂಚಿನಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ ಒತ್ತಿರುತ್ತಿದ್ದರು. ಎರಡನೆಯ ಯುದ್ಧದ್ದನ್ನು ಇಂಗ್ಲೆಂಡಿನಲ್ಲಿ ಹೆಸರಿಲ್ಲದೆ ಕೊಟ್ಟರೂ, ಭಾರತದಲ್ಲಿ ಕೊಟ್ಟವುಗಳ ಮೇಲೆ ಹೆಸರು ಒತ್ತಿರುವುದುಂಟು. ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ್ದು ನೆರಳಿನಲ್ಲಿ ಕಾಣುತ್ತದೆ. ನಮ್ಮದರಲ್ಲಿ ಹೆಸರು ಸಿಗಲಿಲ್ಲ, ಆದರೆ ಮುಂಬದಿಯ ವೃತ್ತದಲ್ಲಿ ಇಂಗ್ಲಿಷಿನಲ್ಲಿ ‘ದಿ ಪೆಸಿಫಿಕ್ ಸ್ಟಾರ್’ ಎಂದು ಓದಿದೆ.

ಇದು ದೊಡ್ಡ ಸುಳಿವು. ಆರು ಮೂಲೆಯ ನಕ್ಷತ್ರಗಳೆಲ್ಲ ದೂರದಿಂದ ಒಂದೇ. ಹೆಸರು ಬೇರೆ ಬೇರೆ: ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಯಾವ ನಕ್ಷತ್ರವೋ ಆ ರಣರಂಗ. 1941ರ ಡಿಸೆಂಬರ್ 8ರಿಂದ 1942ರ ಫೆಬ್ರವರಿ 15ರವರೆಗೆ ಮಲಯಾ, ಸಿಂಗಾಪುರದಲ್ಲಿ ಕಾದಾಡಿದವರಿಗೆ ಸಲ್ಲುತ್ತಿದ್ದದ್ದು ಪೆಸಿಫಿಕ್ ಸ್ಟಾರ್. ಬರ್ಮಾಕ್ಕೆ ಹೋದವರಾಗಿದ್ದರೆ ಬೇರೆಯದು ಇರುತ್ತಿತ್ತು. ಅತ್ತೆಯ ಸಂಕ್ರಾಂತಿ ಲೆಕ್ಕವೂ ಈ ಬಿಲ್ಲೆಯೂ ಒಂದೇ ಮಾತು ಹೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಪದಕ ಇಲ್ಲದ ಮನೆಯವರು ನಿರಾಶರಾಗಬೇಡಿ. ಯುದ್ಧ ಮುಗಿದು ವರ್ಷಗಳಾದ ಮೇಲೆ ಪದಕ ಹಂಚಿದರು, ಎಷ್ಟೋ ಜನ ಅರ್ಜಿ ಹಾಕಲೇ ಇಲ್ಲ. ತೆಗೆದುಕೊಂಡವರಲ್ಲೂ ಕಷ್ಟಕ್ಕೆ ಮಾರಿಕೊಂಡವರಿದ್ದಾರೆ.

ಟ್ರಂಕಿನ ಕಥೆ ಬೇರೆ. ನಮ್ಮ ಚಿಕ್ಕಪ್ಪನ ಮದುವೆಗೆ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ಮುಚ್ಚಳದ ಒಳಬದಿಗೆ ಬಣ್ಣ ಹೋಗಿರಲಿಲ್ಲ. ಅಂಟಿಸಿದ್ದ ಹಳೆಯ ವೃತ್ತಪತ್ರಿಕೆಯನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಬಿಡಿಸಿದಾಗ ಬಿಳಿ ಬಣ್ಣದಲ್ಲಿ ನಾಲ್ಕು ಅಂಕಿ, ಅದರ ಮುಂದೆ ‘ಮೈಸೂರು ಇನ್‌ಫೆಂಟ್ರಿ’ಯ ಎರಡು ಇಂಗ್ಲಿಷ್ ಅಕ್ಷರ. ಸೈನ್ಯದಲ್ಲಿ ಒಂದೇ ಹೆಸರಿನವರು ನೂರು ಜನ, ನಂಬರು ಒಬ್ಬನಿಗೆ ಒಂದೇ. ಟ್ರಂಕು, ಹಾಸಿಗೆ ಚೀಲ, ತಟ್ಟೆ, ಮಗ್ಗು, ಬೆಲ್ಟಿನ ಒಳಮೈ, ಎಲ್ಲ ಕಡೆ ನೋಡಿ.

4. ‘ಮಿಲ್ಟ್ರಿ’ ಎಂಬ ಒಂದು ಮಾತಿನೊಳಗೆ

ಊರಲ್ಲಿ ಖಾಕಿ ಹಾಕಿದವರೆಲ್ಲ ಮಿಲ್ಟ್ರಿ. ಆದರೆ ಯಾರ ಮಿಲ್ಟ್ರಿ ಎಂಬುದು ಗೊತ್ತಾಗದೆ ಒಂದು ಹೆಜ್ಜೆಯೂ ಇಡಲಾಗದು. ನಾನು ಇದನ್ನು ತಿಳಿಯದೆ ಒಂದು ರೆಕಾರ್ಡ್ ಆಫೀಸಿಗೆ ಎಂಟು ತಿಂಗಳು ಕಾಗದ ಬರೆದೆ. ಅವರ ಬಳಿ ತಾತನ ಹೆಸರು ಇರಲು ಸಾಧ್ಯವೇ ಇರಲಿಲ್ಲ.

ಮೈಸೂರು ಸೀಮೆಯವರು ಮುಖ್ಯವಾಗಿ ಎರಡು ಬಾಗಿಲಿನಿಂದ ಹೋದರು. ಒಂದು, ಮಹಾರಾಜರ ಸ್ವಂತ ಸೈನ್ಯ: ಕುದುರೆಯವರಾದರೆ ಮೈಸೂರು ಲ್ಯಾನ್ಸರ್ಸ್, ಕಾಲಾಳುಗಳಾದರೆ ಮೈಸೂರು ಇನ್‌ಫೆಂಟ್ರಿ. ಇವರು ಸಂಸ್ಥಾನದ ಸಿಪಾಯಿಗಳು, ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರಕ್ಕೆ ಕಳುಹಿಸಿಕೊಟ್ಟವರು. ಇನ್ನೊಂದು, ನೇರವಾಗಿ ಬ್ರಿಟಿಷ್ ಇಂಡಿಯಾದ ಸೈನ್ಯ. ಬೆಂಗಳೂರು ದಂಡಿನಲ್ಲೇ ಮದ್ರಾಸ್ ಸ್ಯಾಪರ್ಸ್ ಇದ್ದುದರಿಂದ ನಮ್ಮವರು ಬಹಳ ಜನ ಅಲ್ಲಿಗೆ ಸೇರಿದರು. ರಸ್ತೆ, ಸೇತುವೆ, ಸುರಂಗದ ಕೆಲಸದವರು ಅವರು. ಲಾರಿ ಓಡಿಸಿದವರು, ರೇಷನ್ ಸಾಗಿಸಿದವರು ಸರ್ವಿಸ್ ಕೋರ್. ಗುದ್ದಲಿ ಹಿಡಿದವರು ಪಯೋನಿಯರ್ ಕೋರ್. ಇವು ಯಾವುವೂ ಅಲ್ಲದೆ, 1940ರಲ್ಲಿ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ವಿಮಾನಗಳ ರಿಪೇರಿಗೆ ದುಡಿದವರನ್ನೂ ಊರು ‘ಮಿಲ್ಟ್ರಿ’ ಎಂದೇ ಕರೆಯಿತು. ಒಂದು ಕುಟುಂಬದವರ ಅಜ್ಜನನ್ನು ನಾವು ಕೊನೆಗೆ ಕಂಡದ್ದು ಅಲ್ಲಿಯೇ. ಬಂದೂಕು ಹಿಡಿಯಲಿಲ್ಲ ಎಂದು ಆ ಹುಡುಗ ಮುಖ ಸಣ್ಣದು ಮಾಡಿಕೊಂಡ. ಅವನ ಅಜ್ಜ ಸರಿಮಾಡಿದ ವಿಮಾನ ಹಾರಿ ಸುರಕ್ಷಿತವಾಗಿ ಇಳಿಯಿತು ಎಂದರೆ ಅದು ಕಡಿಮೆ ಸೇವೆಯಲ್ಲ.

ಅಡುಗೆಯವರು, ಧೋಬಿ, ಭಿಸ್ತಿ, ಕುದುರೆ ನೋಡುವ ಸಾಯಿಸ್, ಇವರನ್ನು ‘ಫಾಲೋಯರ್’ ಎಂದು ಬೇರೆ ಪಟ್ಟಿಯಲ್ಲಿ ಬರೆಯುತ್ತಿದ್ದರು. ಸಿಪಾಯಿಗಳ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಅಜ್ಜಿ ಸುಳ್ಳು ಹೇಳಿದರು ಎಂದಲ್ಲ. ಮೊದಲ ಯುದ್ಧದ ಪದಕ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಈ ಕಡೆ ಹುಡುಕಿ.

5. ಮನುಷ್ಯ ಸಿಗದಿದ್ದರೆ ಪಲ್ಟನ್ ಹಿಡಿಯಿರಿ

ತಾತನ ಹೆಸರು ಹುಡುಕುತ್ತಾ ಎರಡು ವರ್ಷ ಕಳೆದೆ. ಪಲ್ಟನ್ ಹುಡುಕಲು ಶುರುಮಾಡಿದ ಮೇಲೆ ಎರಡೇ ತಿಂಗಳಿಗೆ ದಾರಿ ಕಂಡಿತು. ಒಬ್ಬ ಸಿಪಾಯಿಯ ಬಗ್ಗೆ ಯಾರೂ ಬರೆದಿಡಲಿಲ್ಲ. ಪಲ್ಟನ್ ಎಲ್ಲಿಗೆ ಹೋಯಿತು, ಯಾವತ್ತು ಹಡಗು ಹತ್ತಿತು, ಎಲ್ಲಿ ಡೇರೆ ಹಾಕಿತು ಎಂಬುದನ್ನು ಸರ್ಕಾರ ಬರೆದೇ ಬರೆಯುತ್ತದೆ.

ಒಂದನೆಯ ಮೈಸೂರು ಇನ್‌ಫೆಂಟ್ರಿ ಸಿಂಗಾಪುರಕ್ಕೆ ಹೋಗಿತ್ತು. ಬೇರೆ ಸಂಸ್ಥಾನಗಳ ಪಲ್ಟನ್‌ಗಳೂ ಅಲ್ಲಿದ್ದವು, ಹೆಚ್ಚಾಗಿ ವಿಮಾನ ನಿಲ್ದಾಣಗಳ ಕಾವಲಿಗೆ. ದ್ವೀಪ ಶರಣಾದಾಗ ಎಲ್ಲರೂ ಸೆರೆಯಾದರು. ಸ್ವಾತಂತ್ರ್ಯದ ಬಳಿಕ ಸಂಸ್ಥಾನಗಳ ಸೈನ್ಯ ಭಾರತದ ಸೈನ್ಯದಲ್ಲಿ ಸೇರಿದಾಗ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್. ನಂಜನಗೂಡು, ಗುಂಡ್ಲುಪೇಟೆ ಮೇಲೆ ಊಟಿಗೆ ಹೋಗುವ ಅದೇ ರಸ್ತೆ. ಲ್ಯಾನ್ಸರ್ಸ್ ಕುದುರೆ ಪಡೆ ಗ್ವಾಲಿಯರ್, ಜೋಧಪುರ ಮುಂತಾದ ಕುದುರೆ ಪಡೆಗಳ ಜೊತೆ ಸೇರಿ 1953ರಲ್ಲಿ ಕಟ್ಟಿದ ರೆಜಿಮೆಂಟೇ ಇಂದು ಜೈಪುರದಲ್ಲಿರುವ 61ನೇ ಕ್ಯಾವಲ್ರಿ. ಹಳೆಯ ಮನೆಯ ಮಗಳು ಯಾವ ಊರಿಗೆ ಸೊಸೆಯಾಗಿ ಹೋದಳು ಎಂದು ಕೇಳಿದ ಹಾಗೆ, ಹಳೆಯ ಪಲ್ಟನ್ ಯಾವ ರೆಜಿಮೆಂಟಿಗೆ ಸೇರಿತು ಎಂದು ಮೊದಲು ಕೇಳಬೇಕು.

ಸಂಸ್ಥಾನದ ಕಾಲದ್ದು ಬೇಕಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳಲ್ಲಿ ಸೈನ್ಯಕ್ಕೆ ಒಂದು ಭಾಗವೇ ಇರುತ್ತಿತ್ತು. ಸಿಪಾಯಿಯ ಹೆಸರು ಅಲ್ಲಿರುವುದಿಲ್ಲ, ಆದರೆ ಅವನು ಯಾವ ವರ್ಷ ಎಲ್ಲಿದ್ದಿರಬೇಕು ಎಂಬುದು ತಿಳಿಯುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ತನ್ನ ಅನೇಕ ಕಡತಗಳನ್ನು ‘ಅಭಿಲೇಖ್ ಪಟಲ್’ ಮೂಲಕ ಮನೆಯಿಂದಲೇ ನೋಡುವಂತೆ ಮಾಡಿದೆ. ಪಂಜಾಬಿನ ಮೊದಲ ಯುದ್ಧದ ಸಿಪಾಯಿಗಳ ಹಳ್ಳಿವಾರು ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಂನಲ್ಲಿ ಸಿಕ್ಕಿ ಸುದ್ದಿಯಾದ ಮೇಲೆ ನಮ್ಮವರೂ ಅಂಥದ್ದನ್ನೇ ಕೇಳಿಕೊಂಡು ಬರುತ್ತಾರೆ. ಅವು ಪಂಜಾಬಿಗೆ ಸೇರಿದವು, ಅಲ್ಲಿ ನಮ್ಮೂರು ಸಿಗುವುದಿಲ್ಲ.

6. ಹೆಸರು ಬರೆದವರು ತಾತ ಅಲ್ಲ

ನಮ್ಮ ಸುತ್ತಿನ ಹಳ್ಳಿಯಲ್ಲಿ ನಂಜಯ್ಯ, ಮಾದಯ್ಯ, ಸಿದ್ದಯ್ಯ, ಮಹದೇವ ಎಂದು ಕೂಗಿದರೆ ಬೀದಿಗೆ ನಾಲ್ಕು ಜನ ತಿರುಗುತ್ತಾರೆ. ಇವರು ಸೈನ್ಯ ಸೇರುವಾಗ ಹೆಸರು ಹೇಳಿದರು, ಕನ್ನಡ ಬಾರದ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡ. ಸಿದ್ದಯ್ಯ ಒಬ್ಬರೇ ಆರು ಬಗೆಯ ಸ್ಪೆಲಿಂಗಿನಲ್ಲಿ ಇರಬಹುದು, ‘ಅಯ್ಯ’ ಬಿದ್ದು ಬರೀ ಸಿದ್ದ ಆಗಿರಬಹುದು. ಇನಿಷಿಯಲ್ ಇರುವುದಿಲ್ಲ. ಕೆಲವರು ವಯಸ್ಸು ಹೆಚ್ಚಿಸಿ ಹೇಳಿದರು, ಕೆಲವರು ಜಾತಿ ಬದಲಿಸಿ ಹೇಳಿದರು, ಮನೆಯವರಿಗೆ ತಿಳಿಯದಿರಲೆಂದು ಹೆಸರನ್ನೇ ಬದಲಿಸಿದವರೂ ಇದ್ದಾರೆ.

ಆದ್ದರಿಂದ ಹೆಸರಿನ ಜೊತೆ ತಂದೆಯ ಹೆಸರು, ಊರು, ಅಂಚೆ, ತಾಲೂಕು, ಇಷ್ಟನ್ನೂ ಒಟ್ಟಿಗೆ ಹಿಡಿದು ಹುಡುಕಬೇಕು. ಅಂಚೆ ಕಚೇರಿ ಬೇರೆ ಊರಲ್ಲಿದ್ದರೆ ದಾಖಲೆಯಲ್ಲಿ ಆ ಊರಿನ ಹೆಸರೇ ಕೂತಿರುತ್ತದೆ. ನಮ್ಮೂರಿನದಂತೂ ವಿಚಿತ್ರ. ಮೈಸೂರು ಅರಸರ ವಂಶದ ಮೊದಲ ಕಥೆಯಲ್ಲಿ, ಯದುರಾಯರು ಕಾರುಗಹಳ್ಳಿಯ ಮಾರನಾಯಕನಿಂದ ರಾಜಕುಮಾರಿಯನ್ನು ಉಳಿಸಿದ ಕಥೆಯಲ್ಲಿ, ಇದು ಹದಿನಾಡು ಎಂದು ಬರುತ್ತದೆ. ಇಂದು ಹದಿನಾರು. ಇಂಗ್ಲಿಷಿನಲ್ಲಿ ಕೊನೆಯ ಸ್ವರ ಇದ್ದೂ ಇಲ್ಲದೆಯೂ ಬರೆಯುತ್ತಾರೆ. ನರಸೀಪುರಕ್ಕೆ ತಿರುಮಕೂಡಲು ಸೇರಿದರೆ ಒಂದು ತರ, ಬರೀ ‘ಟಿ.’ ಆದರೆ ಇನ್ನೊಂದು ತರ. ಒಂದು ನೋಟ್‌ಬುಕ್ಕಿನಲ್ಲಿ ಇಷ್ಟೂ ಸ್ಪೆಲಿಂಗುಗಳನ್ನು ಬರೆದಿಟ್ಟುಕೊಂಡು, ಒಂದೊಂದನ್ನೇ ಹುಡುಕಿ ಟಿಕ್ ಹಾಕುತ್ತಾ ಹೋಗಿ. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

7. ಜಮೀನಿನ ಫೈಲು

ತಾತನ ಕೈಬರಹವಿಲ್ಲದ, ಹೆಬ್ಬೆಟ್ಟು ಮಾತ್ರ ಇರುವ ಒಂದೇ ಒಂದು ಸೈನ್ಯದ ಕಾಗದ ನನಗೆ ಸಿಕ್ಕದ್ದು ಸೈನ್ಯದ ಕಚೇರಿಯಲ್ಲಿ ಅಲ್ಲ, ಕಂದಾಯದ ಕಡತದಲ್ಲಿ.

ಯುದ್ಧದಿಂದ ಬಂದವರು ದರಖಾಸ್ತಿನಲ್ಲಿ ಜಮೀನು ಕೇಳುತ್ತಿದ್ದರು. 1969ರ ಭೂಮಂಜೂರಾತಿ ನಿಯಮಗಳಲ್ಲಂತೂ ಸೈನಿಕರು, ಮಾಜಿ ಸೈನಿಕರಿಗೆ ನೂರಕ್ಕೆ ಹತ್ತು ಭಾಗ ಮೀಸಲಿದೆ. ಅರ್ಜಿಯ ಜೊತೆ ತಾನು ಸೈನ್ಯದಲ್ಲಿದ್ದೆ ಎಂಬುದಕ್ಕೆ ಡಿಸ್‌ಚಾರ್ಜ್ ಸರ್ಟಿಫಿಕೇಟಿನ ನಕಲು ಲಗತ್ತಿಸಬೇಕು. ಮೂಲ ಕಾಗದ ಮನೆಯಲ್ಲಿ ಗೆದ್ದಲು ತಿಂದಿರುತ್ತದೆ, ನಕಲು ಫೈಲಿನಲ್ಲಿ ಉಳಿದಿರುತ್ತದೆ. ನಿಮ್ಮ ಮನೆಯ ಪಹಣಿಯಲ್ಲಿ ಯಾವುದಾದರೂ ಸರ್ವೆ ನಂಬರು ‘ಮಂಜೂರಾತಿ’ಯಿಂದ ಬಂದಿದೆಯೇ ನೋಡಿ. ಸಾಗುವಳಿ ಚೀಟಿ ಇದ್ದರೆ ಅದರ ಮೇಲಿನ ಆದೇಶದ ಸಂಖ್ಯೆಯೇ ಬೀಗದ ಕೈ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕಕ್ಕೆ ಅರ್ಜಿ ಹಾಕಬಹುದು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ‘ಇದು ಖಾಸಗಿ ಮಾಹಿತಿ’ ಎಂದು ತಿರುಗಿಸಿದರೆ, ಇಪ್ಪತ್ತು ವರ್ಷಕ್ಕೂ ಹಿಂದಿನ ಸಂಗತಿಗೆ ಆ ಕಾಯ್ದೆಯ 8(3) ಇದೆ ಎಂದು ವಿನಯವಾಗಿ ಬರೆಯಿರಿ. 1961ರ ಕಾಯ್ದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಕೆಲಸ ಹೋಯಿತು. ಅವರ ಬಳಿಯಿದ್ದ ಹಳೆಯ ಪುಸ್ತಕಗಳಲ್ಲಿ ಕೆಲವು ತಾಲೂಕು ಕಚೇರಿ ಸೇರಿದವು, ಕೆಲವು ಆ ಮನೆಗಳ ಅಟ್ಟದಲ್ಲೇ ಉಳಿದವು. ಆ ಮನೆಯವರನ್ನೂ ಕೇಳಿ, ಕಾಫಿ ಕುಡಿದು ಕೇಳಿ.

ಯಾವ ಕಚೇರಿಗೆ ಹೋದರೂ ಎರಡು ಕಾಗದ ಕೈಯಲ್ಲಿರಲಿ: ತಾತನ ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ. ಸಂಬಂಧ ತೋರಿಸದೆ ರೆಜಿಮೆಂಟಿನವರು ಫೈಲು ತೆಗೆಯುವುದಿಲ್ಲ, ತೆಗೆಯಲೂಬಾರದು. ಅಜ್ಜಿ ಎಂದಾದರೂ ಯುದ್ಧ ವಿಧವೆಯೆಂದೋ ಮಾಜಿ ಸೈನಿಕನ ವಿಧವೆಯೆಂದೋ ಸಹಾಯಧನ ಕೇಳಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯಲ್ಲೂ ಒಂದು ಫೈಲು ಹುಟ್ಟಿರುತ್ತದೆ.

ತಾತನ ಸರ್ಟಿಫಿಕೇಟಿನ ನಕಲಿನಲ್ಲಿ ಎತ್ತರ ಐದಡಿ ನಾಲ್ಕಂಗುಲ, ಗುರುತು ಎಡ ಮೊಣಕಾಲಿನ ಮೇಲೆ ಹಳೆಯ ಗಾಯ. ಆ ಗಾಯ ನನಗೆ ಗೊತ್ತು. ಎಂಟು ವರ್ಷದವನಾಗಿದ್ದಾಗ ಅವರ ಕಾಲೊತ್ತುತ್ತಾ ಅದರ ಮೇಲೆ ಬೆರಳಾಡಿಸಿ ಕೇಳಿದ್ದೆ, ‘ಗುಂಡು ಬಿದ್ದಿದ್ದಾ ತಾತ?’ ‘ಇಲ್ಲ ಕನ ಮಗ, ನೇಗ್ಲು ತಾಗಿದ್ದು’ ಎಂದಿದ್ದರು. ಸರ್ಕಾರ ಬರೆದುಕೊಂಡದ್ದೂ ಅದನ್ನೇ. ಸೇರುವಾಗಲೇ ಇದ್ದ ಗಾಯ ಎಂದು.

8. ‘ನೇತಾಜಿ ಸೈನ್ಯದಲ್ಲಿದ್ದರು’ ಎಂಬ ಮಾತು

ಸಿಂಗಾಪುರಕ್ಕೆ ಹೋಗಿದ್ದವರ ಮನೆಯಲ್ಲಿ ಈ ಮಾತು ಇದ್ದೇ ಇರುತ್ತದೆ. ಶರಣಾಗತಿಯ ಎರಡು ದಿನಕ್ಕೆ, 1942ರ ಫೆಬ್ರವರಿ 17ರಂದು, ಫ್ಯಾರರ್ ಪಾರ್ಕಿನ ಮೈದಾನದಲ್ಲಿ ಬ್ರಿಟಿಷರಿಂದ ಬೇರ್ಪಡಿಸಿದ ಸುಮಾರು 45,000 ಭಾರತೀಯ ಸಿಪಾಯಿಗಳನ್ನು ಜಪಾನಿನ ಮೇಜರ್ ಫುಜಿವಾರಾಗೆ ಒಪ್ಪಿಸಿದರು. ಕ್ಯಾಪ್ಟನ್ ಮೋಹನ್ ಸಿಂಗ್ ಆಜಾದ್ ಹಿಂದ್ ಫೌಜಿಗೆ ಬನ್ನಿ ಎಂದು ಕರೆದರು. ಸೇರಿದವರಿದ್ದಾರೆ, ಸೇರದವರಿದ್ದಾರೆ, ಮೊದಲು ಸೇರಿ ಅದೇ ಡಿಸೆಂಬರಿನಲ್ಲಿ ಮೋಹನ್ ಸಿಂಗ್ ಬಂಧನವಾದಾಗ ಹಿಂದೆ ಸರಿದವರಿದ್ದಾರೆ, 1943ರ ಜುಲೈಯಲ್ಲಿ ನೇತಾಜಿ ಬಂದ ಮೇಲೆ ಮತ್ತೆ ಸೇರಿದವರಿದ್ದಾರೆ. ಸೇರದವರಲ್ಲಿ ಸಾವಿರಾರು ಜನರನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಅಲ್ಲಿ ಹಸಿವು, ಮಲೇರಿಯಾ, ಹೊಡೆತಕ್ಕೆ ಬಹಳ ಜನ ಸತ್ತರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಹಿಂದಿರುಗಿದವರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ಪಟ್ಟಿ ಮಾಡಿದರು.

ಇಷ್ಟು ಗೊತ್ತಾದ ಮೇಲೆ ನಾನು ತೀರ್ಮಾನ ಮಾಡುವುದನ್ನು ಬಿಟ್ಟೆ. ಫೌಜಿಗೆ ಸೇರಿದವನೂ ಊರಿಂದ ಎರಡು ಸಾವಿರ ಮೈಲಿ ಆಚೆ ಮುಳ್ಳುತಂತಿಯೊಳಗೆ ಕೂತು ನಿರ್ಧರಿಸಿದ, ಸೇರದವನೂ ಹಾಗೇ. ತಾತ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಬರಹದಲ್ಲಿ ‘ಸೆರೆಯಲ್ಲಿದ್ದರು’ ಎಂದು ಬರೆದೆ. ಅದಕ್ಕೆ ನನ್ನ ಬಳಿ ಆಧಾರವಿದೆ. ಊರ ಹಬ್ಬದ ಕರಪತ್ರದಲ್ಲಿ ‘ನೇತಾಜಿಯವರ ಬಲಗೈ ಬಂಟ’ ಎಂದು ಅಚ್ಚು ಹಾಕಲು ಹೊರಟ ಹುಡುಗರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ, ಅವರು ಒಪ್ಪಿ ಬಿಟ್ಟರು.

9. ಮೊದಲ ಯುದ್ಧದ ಮನೆಗಳಿಗೆ

ಇದು ಚಿಕ್ಕದು. ಮುತ್ತಾತನ ಕಾಲ, ಕುದುರೆ, ಮರಳುಗಾಡು ಎಂಬ ಮಾತು ಬಂದರೆ ಲ್ಯಾನ್ಸರ್ಸ್ ಎಂದು ಹಿಡಿಯಿರಿ. 1914ರಲ್ಲಿ ಬೆಂಗಳೂರು ಬಿಟ್ಟು ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆ ಕಾದು, ಗಾಜಾ ದಾಟಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಗೆದ್ದ ಪಡೆ ಅದು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸಿಪಾಯಿಗಳಲ್ಲಿ ಒಬ್ಬ ನಮ್ಮವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಒಂದು ಮನೆಯಲ್ಲಿ ಅಜ್ಜ ಹೈಫಾದಲ್ಲಿ ಕತ್ತಿ ಬೀಸಿದ್ದರು ಎಂದು ಮೂರು ತಲೆಮಾರು ನಂಬಿತ್ತು. ಲೆಕ್ಕ ಹಾಕಿದರೆ ಅವರು ಹುಟ್ಟಿದ್ದೇ 1915ರ ಸುಮಾರಿಗೆ. ಅವರು ಲ್ಯಾನ್ಸರ್ಸ್ ಸೇರಿದ್ದು ನಿಜ, ಬಹಳ ತಡವಾಗಿ. ಲಾಯದಲ್ಲಿ ಹಿರಿಯ ಸವಾರರು ಹೇಳಿದ್ದನ್ನು ಕೇಳಿ ಬಂದು ಮೊಮ್ಮಕ್ಕಳಿಗೆ ಹೇಳಿದ್ದರು. ಮೊಮ್ಮಕ್ಕಳು ‘ನಮ್ಮ ರಿಸಾಲೆ’ ಎಂದದ್ದನ್ನು ‘ನಾನು’ ಎಂದು ಕೇಳಿಸಿಕೊಂಡರು. ಅವರು ಸುಳ್ಳು ಹೇಳಲಿಲ್ಲ. ಇದನ್ನು ಆ ಮನೆಯ ಹಿರಿಯರಿಗೆ ಒಬ್ಬರಿಗೇ, ಮೆಲ್ಲಗೆ ಹೇಳಿದೆ.

10. ಹಿಂದಿರುಗದವರ ಪಟ್ಟಿಯನ್ನೂ ಓದಿ

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಎರಡು ಮಹಾಯುದ್ಧಗಳಲ್ಲಿ ಸತ್ತ ಹದಿನೇಳು ಲಕ್ಷ ಜನರ ಹೆಸರು ಅಲ್ಲಿದೆ. ಸತ್ತವರದ್ದು ಮಾತ್ರ. ಊರಿಗೆ ಬಂದು ಮುಪ್ಪಿನಲ್ಲಿ ತೀರಿಕೊಂಡ ತಾತ ಅಲ್ಲಿ ಇರುವುದಿಲ್ಲ ಎಂದು ನಾನು ಆ ಪಟ್ಟಿಯನ್ನು ಬಹಳ ಕಾಲ ತೆರೆಯಲೇ ಇಲ್ಲ. ಅದು ನನ್ನ ತಪ್ಪು. ತಾತ ಇಲ್ಲದಿದ್ದರೇನು, ತಾತನ ಪಕ್ಕದಲ್ಲಿ ಮಲಗಿದವರು, ಒಂದೇ ಬಂಡಿಯಲ್ಲಿ ಊರಿಂದ ಹೊರಟವರು ಅಲ್ಲಿದ್ದಾರೆ. ಹೆಸರಿನಿಂದಲ್ಲದೆ ಪಲ್ಟನ್ನಿನಿಂದಲೂ ಹುಡುಕಬಹುದು. ಕೆಲವರ ಹೆಸರಿನ ಮುಂದೆ ‘ಇಂಥವರ ಮಗ, ಇಂಥ ಊರು, ಮೈಸೂರು’ ಎಂದೂ ಇರುತ್ತದೆ.

ಸಿಂಗಾಪುರದ ಕ್ರಾಂಜಿಯಲ್ಲಿ ಗುಡ್ಡದ ಮೇಲೆ ಒಂದು ಸ್ಮಾರಕವಿದೆ. ಸಮಾಧಿಯಿಲ್ಲದ 24,000ಕ್ಕೂ ಹೆಚ್ಚು ಜನರ ಹೆಸರನ್ನು ಅದರ ಕಂಬಗಳ ಮೇಲೆ ಕೆತ್ತಿದ್ದಾರೆ. ನಮ್ಮ ಧರ್ಮದ ಪ್ರಕಾರ ದಹನ ಮಾಡಿದವರಿಗೆ ಹಿಂದೆಯೇ ಬೇರೊಂದು ಕಟ್ಟೆ. ಮೊದಲ ಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನಿನಲ್ಲಿ ಸತ್ತವರ ಹೆಸರುಗಳು ಕೈರೋ ಬಳಿಯ ಹೆಲಿಯೊಪೊಲಿಸ್‌ನಲ್ಲಿವೆ. ಬರ್ಮಾದವರದ್ದು ರಂಗೂನ್ ಹತ್ತಿರದ ತೌಕ್ಯಾನ್.

ಮೈಸೂರು ಇನ್‌ಫೆಂಟ್ರಿ ಎಂದು ಹುಡುಕಿ ಒಂದು ರಾತ್ರಿ ಓದುತ್ತಾ ಕೂತೆ. ಹಳ್ಳಿಯ ಹೆಸರು ತಿರುಚಿಕೊಂಡಿತ್ತು, ಆದರೆ ಎರಡು ಸಲ ಬಾಯಲ್ಲಿ ಹೇಳಿಕೊಂಡಾಗ ಗೊತ್ತಾಯಿತು. ಕಪಿಲೆಯ ಆಚೆ ದಡದ ಊರು. ತಾತನ ಜೊತೆ ಅಲ್ಲಿಂದ ಒಬ್ಬರು ಹೋಗಿದ್ದರು ಎಂದು ಅತ್ತೆ ಹೇಳಿದ್ದರು, ‘ಆ ವಯ್ಯ ಬರ್ಲೇ ಇಲ್ಲ ಕನಪ್ಪ’ ಎಂದಿದ್ದರು. ಪುಟವನ್ನು ಪ್ರಿಂಟ್ ಹಾಕಿಸಿಕೊಂಡು ಹೋದೆ.

ಆ ಮನೆಯಲ್ಲಿ ಅವರ ತಂಗಿ ಇದ್ದರು, ತೊಂಬತ್ತರ ಹತ್ತಿರ. ಅಣ್ಣ ಹೋದಾಗ ಅವರಿಗೆ ಹದಿಮೂರು ವರ್ಷ. ಅತ್ತಿಗೆ ಸಾಯುವವರೆಗೂ ತಾಳಿ ತೆಗೆದಿರಲಿಲ್ಲವಂತೆ, ಸತ್ತ ಸುದ್ದಿ ಬಾರದೆ ತೆಗೆಯುವುದು ಹೇಗೆ? ತಿಥಿ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಗೆ ಎಲ್ಲ ಹಿರಿಯರ ಎಡೆಯ ಪಕ್ಕ ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದರು, ಯಾರದ್ದೆಂದು ಹೇಳದೆ.

ಕಾಗದ ಓದಿದೆ. ತಂದೆಯ ಹೆಸರು ಓದಿದಾಗ ಅಜ್ಜಿ ತಲೆಯಾಡಿಸಿದರು. ದಿನಾಂಕ 1942ರ ಫೆಬ್ರವರಿ 15.

‘ಅದು ಯಾವ್ ದಿನ?’ ಎಂದರು. ಭಾನುವಾರ ಎಂದೆ.

‘ಅದಲ್ಲ. ಯಾವ್ ತಿಥಿ?’

ಅದನ್ನು ನಾನು ನೋಡಿಕೊಂಡೇ ಹೋಗಿದ್ದೆ. ಚೀನೀಯರ ಹೊಸ ವರ್ಷ ಆ ದಿನವೇ ಬಿದ್ದಿತ್ತು. ಅವರ ವರ್ಷ ಹುಟ್ಟುವುದು ಅಮಾವಾಸ್ಯೆಗೆ. ವೃಷ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ. ಶಿವರಾತ್ರಿ ಕಳೆದ ಅಮಾವಾಸ್ಯೆ.

‘ಶಿವರಾತ್ರಿ ಅಮಾಸೆನಾ’ ಎಂದು ಅವರು ಎರಡು ಸಲ ಹೇಳಿಕೊಂಡರು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ, ‘ಏನವ್ವ, ಅಣ್ಣಯ್ಯಂದು ಶಿವರಾತ್ರಿ ಅಮಾಸೆ ಕನ. ನೆಪ್ಪಿಟ್ಕೊ’ ಎಂದರು.

ಮರುವರ್ಷ ಶಿವರಾತ್ರಿ ಅಮಾವಾಸ್ಯೆಗೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಎಡೆಯ ಮುಂದೆ ಆ ಪ್ರಿಂಟನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು. ಫೋಟೊ ಇರಲಿಲ್ಲ, ಹಾಗಾಗಿ ಹೂವನ್ನು ಹೆಸರಿನ ಮೇಲೆ ಇಟ್ಟಿದ್ದರು.